ಗಾಜಿನ ಹಿಂದಿನ ತುದಿ

ಆಳೆತ್ತರದ ಗಾಜನ್ನು ಇಬ್ಬರು ಹಿಡಿದು ನಡೆಯುವಾಗ ಮುಂದಿನವನು ಹಿಂತಿರುಗಿ ನೋಡುವ ಹಾಗಿಲ್ಲ. ನೋಡಿದನೋ, ಹೆಗಲು ತಿರುಗುತ್ತದೆ, ಹೆಗಲಿನ ಜೊತೆ ಗಾಜೂ ತಿರುಗುತ್ತದೆ, ಆಮೇಲೆ ಬೀದಿಯೆಲ್ಲ ಗುಡಿಸಬೇಕಾಗುತ್ತದೆ. ಅದಕ್ಕೇ ಗಾಜಿನಂಗಡಿಯಲ್ಲಿ ಒಂದು ರೂಢಿ. ತಿರುವು ಬಂದಾಗ, ಮೆಟ್ಟಿಲು ಬಂದಾಗ, ಎದುರಿಗೆ ಸೈಕಲ್ ಬಂದಾಗ ಮುಂದಿನವನು ಕೂಗುತ್ತಾನೆ: "ಇದ್ದೀಯಾ?" ಗಾಜಿನ ತೂಕ ತನ್ನ ಕೈಯಲ್ಲಿ ಸರಿಯಾಗಿ ಕೂತಿದ್ದರೆ ಮಾತ್ರ ಹಿಂದಿನವನು "ಇದ್ದೀನಿ" ಅನ್ನುತ್ತಾನೆ. ಆ ಮಾತು ಕೇಳಿದ ಮೇಲೆಯೇ ಮುಂದಿನವನು ಕಾಲೆತ್ತುವುದು. ಇದನ್ನು ಯಾರೂ ಗೋಡೆಯ ಮೇಲೆ ಬರೆದು ಅಂಟಿಸಿಲ್ಲ, ಆದರೂ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು.

ಚಿಲಕ ಹನ್ನೊಂದು ವರ್ಷದಿಂದ ಹಿಂದಿನ ತುದಿ ಹಿಡಿದವನು. ಉದ್ದಕ್ಕೆ ಬೆಳೆದ ಆಸಾಮಿ, ಅಗಲ ಬೆನ್ನು, ಕೈಯ ತುಂಬ ಹಳೆಯ ಗಾಯದ ಗೆರೆಗಳು. ಚಿಕ್ಕಂದಿನಲ್ಲಿ ಶಾಲೆಯ ಫೋಟೋ ತೆಗೆಯುವಾಗಲೂ "ನೀನು ಉದ್ದ ಇದ್ದೀಯ, ಹಿಂದೆ ಹೋಗು" ಅಂದವರೇ ಎಲ್ಲರೂ. ಇಪ್ಪತ್ತಾರನೇ ವಯಸ್ಸಿಗೆ ಗಾಜಿನಂಗಡಿ ಸೇರಿದ. ಯಜಮಾನರು ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಭಾರ ಬೀಳೋದು ಹಿಂದೆ. ನೀನು ಹಿಂದೆ ಇರು" ಅಂದರು. ಅವತ್ತು ಅದು ಹೊಗಳಿಕೆ ಅನ್ನಿಸಿತ್ತು. ಪಾಪ, ಕೆಲಸಕ್ಕೆ ಹೊಸಬ.

ಮುಂದಿನ ತುದಿ ಕನ್ನಡಿಯದು. ಕನ್ನಡಿ ಅಂದರೆ ಮನುಷ್ಯ, ಸಾಮಾನಲ್ಲ. ಅಂಗಡಿಯಲ್ಲಿ ಯಾವ ಕನ್ನಡಿ ಕತ್ತರಿಸಿಟ್ಟರೂ ಮೊದಲು ಅದರೆದುರು ನಿಂತು ತಲೆ ಬಾಚಿಕೊಳ್ಳುತ್ತಿದ್ದನಾದ್ದರಿಂದ ಬಂದ ಹೆಸರು. ಚಿಲಕನಿಗಿಂತ ಎರಡು ವರ್ಷ ಚಿಕ್ಕವನು, ನಾಲ್ಕು ಬೆರಳು ಗಿಡ್ಡ, ಬಾಯಿ ಮಾತ್ರ ಊರಗಲ. ಮುಂದೆ ನಡೆಯುವವನಿಗೆ ಬೀದಿಯೇ ದಾರಿ ಬಿಡುತ್ತದಲ್ಲ, "ಏನಪ್ಪಾ ಕನ್ನಡಿ, ಎಲ್ಲಿಗೆ ಸವಾರಿ?" ಅಂತ ಚಪ್ಪಲಿ ಹೊಲಿಯುವವನು ಕೇಳುತ್ತಾನೆ, ಬಟ್ಟೆಯಂಗಡಿಯ ಅಕ್ಕ ನಗುತ್ತಾಳೆ. ಗಾಜು ದಾಟಿ ಹಿಂದಿನ ತುದಿ ಬರುವಷ್ಟರಲ್ಲಿ ಅವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ತಿರುಗಿರುತ್ತಾರೆ. ಹನ್ನೊಂದು ವರ್ಷ ಹೀಗೆ ಊರಿನ ಬೆನ್ನನ್ನೇ ನೋಡಿಕೊಂಡು ನಡೆದರೆ ಯಾರ ಹೊಟ್ಟೆ ತಾನೇ ತಣ್ಣಗಿದ್ದೀತು?

ಇದು ಬರೀ ಗಾಜಿನ ಕಥೆಯಾಗಿದ್ದರೆ ಚಿಲಕ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಭಾನುವಾರವೂ ಅದೇ ಹಾಡು. ಅಂಗಡಿ ಸಾಲಿನವರದು ಒಂದು ಫುಟ್‌ಬಾಲ್ ತಂಡ. ಇವರಿಬ್ಬರೂ ಅದರಲ್ಲಿ ಮೈದಾನದ ನಟ್ಟನಡುವೆ ಆಡುವವರು. ತಂಡಕ್ಕೆ ಪಾಠ ಹೇಳುವವರು ಡ್ರಾಯಿಂಗ್ ಮೇಷ್ಟ್ರು. ಶಾಲೆಯಲ್ಲಿ ಬಣ್ಣ ತುಂಬಿಸುವುದು ಬಿಟ್ಟರೆ ಅವರ ಜೀವವೆಲ್ಲ ಈ ಆಟದಲ್ಲಿ. ಮೊದಲ ವರ್ಷ ಅಂಗಡಿಯ ಹಿಂದೆ ಬಿದ್ದಿದ್ದ ಒಂದು ಒಡಕು ಗಾಜಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಎರಡು ಸೊನ್ನೆ ಬರೆದು ತೋರಿಸಿದ್ದರು.

"ನೋಡ್ರಪ್ಪ, ನಡುವಿನ ಇಬ್ಬರು ಅಂದ್ರೆ ಒಂದೇ ಹಗ್ಗದ ಎರಡು ಕೊಡ. ರಾಟೆ ಮೇಲೆ ಒಂದು ಏರ್ತಿದ್ರೆ ಇನ್ನೊಂದು ಇಳೀತಿರ್ಬೇಕು. ಇಬ್ಬರೂ ಮುಂದೆ ಓಡಿದ್ರಿ ಅಂತಿಟ್ಕೊಳ್ಳಿ, ನಡುಮನೆ ಬಾಗಿಲು ಹಾರು ಹೊಡೆದ ಹಾಗೆ. ಯಾರು ಬೇಕಾದ್ರೂ ನುಗ್ತಾರೆ. ಇಬ್ಬರೂ ಹಿಂದೆ ಕೂತ್ರೆ ಗೋಲ್ ಹೊಡೆಯೋದು ಯಾರು, ನಮ್ಮಪ್ಪನಾ?"

"ಹಾಗಾದ್ರೆ ಯಾರು ಹೋಗ್ಬೇಕು ಮೇಷ್ಟ್ರೇ, ಯಾರು ಇರ್ಬೇಕು?" ಎಂದು ಕೇಳಿದ್ದು ಚಿಲಕನೇ.

"ಅದನ್ನ ಆಟ ಹೇಳತ್ತೆ. ಯಾರಿಗೆ ದಾರಿ ಕಾಣತ್ತೋ ಅವನು ಕೂಗ್ಲಿ. ಇನ್ನೊಬ್ಬ ಓಗೊಟ್ಟು ನಿಲ್ಲಲಿ."

ಕೂಗು ಯಾವುದು ಅಂತ ಹುಡುಕಬೇಕಾಗಿರಲಿಲ್ಲ. "ಇದ್ದೀಯಾ?" "ಇದ್ದೀನಿ." ಗಾಜಿನಂಗಡಿಯ ಮಾತೇ ಮೈದಾನಕ್ಕೂ ಬಂತು. ಮೇಷ್ಟ್ರು ಹೇಳಿದ್ದರಲ್ಲಿ ಇಬ್ಬರಿಗೂ ಸಮಪಾಲು ಇತ್ತು. ಆದರೆ ಮೊದಲ ಪಂದ್ಯದಲ್ಲಿ ಮೊದಲು ಕೂಗಿದವನು ಕನ್ನಡಿ, ಎರಡನೆಯದರಲ್ಲೂ ಅವನೇ, ಮೂರನೆಯದರ ಹೊತ್ತಿಗೆ ಅದು ರೂಢಿಯಾಗಿಬಿಟ್ಟಿತು. ಕನ್ನಡಿ ಹೋಗುವವನು, ಚಿಲಕ ಇರುವವನು.

ಇರುವುದು ಅಂದರೆ ಸುಮ್ಮನೆ ನಿಲ್ಲುವುದಲ್ಲ ಕಣ್ರೀ. ಎದುರಾಳಿ ಯಾರಿಗೆ ಚೆಂಡು ಕೊಡುತ್ತಾನೆ ಅಂತ ಅವನಿಗಿಂತ ಮೊದಲು ತಿಳಿದು ಅಲ್ಲಿರಬೇಕು. ಬಲಗಡೆಯವನು ಉತ್ಸಾಹದಲ್ಲಿ ಮೇಲೆ ಹೋದರೆ ಅವನ ಜಾಗ ಮುಚ್ಚಬೇಕು. ಕನ್ನಡಿ ನಾಲ್ವರ ನಡುವೆ ಸಿಕ್ಕಿಕೊಂಡಾಗ ನೋಡದೆ ಹಿಮ್ಮಡಿಯಲ್ಲಿ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ, ಅದು ಬಂದು ಬೀಳುವ ಜಾಗದಲ್ಲಿ ಚಿಲಕನ ಕಾಲು ಇರಬೇಕು. ಹನ್ನೊಂದು ವರ್ಷದಲ್ಲಿ ಆ ಕಾಲು ಒಂದು ಸಲವೂ ತಪ್ಪಿರಲಿಲ್ಲ. "ನಡುವೆ ಚಿಲಕ ಹಾಕಿದೆ, ಒಳಗೆ ಬರೋ ಹಾಗಿಲ್ಲ" ಎಂದು ಯಾರೋ ಕೂಗಿದ್ದೇ ಅವನ ಹೆಸರಾಯಿತು. ಅದೂ ಹೊಗಳಿಕೆಯೇ ಅನ್ನಿ. ಆದರೆ ಮನೆಗೆ ಬಂದವರು ಬಾಗಿಲನ್ನು ಹೊಗಳುತ್ತಾರೆ, ಗೋಡೆಯ ಬಣ್ಣವನ್ನು ಹೊಗಳುತ್ತಾರೆ. ಚಿಲಕ ಚೆನ್ನಾಗಿದೆ ಅಂದವರನ್ನು ನೀವು ನೋಡಿದ್ದೀರಾ?

ಕನ್ನಡಿ ಹೊಡೆದದ್ದು ಅರವತ್ತಮೂರು ಗೋಲು. ಚಿಲಕ ಹೊಡೆದದ್ದು ಒಂದೂ ಇಲ್ಲ.

ಹೋದ ವರ್ಷ ಪತ್ರಿಕೆಯಲ್ಲಿ ತಂಡದ ಫೋಟೋ ಬಂದಿತ್ತು. ಕನ್ನಡಿ ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ಓಡುತ್ತಿದ್ದಾನೆ. ಪಕ್ಕದ ಅಂಚಿನಲ್ಲಿ ಒಂದು ಮೊಣಕೈ. ಆ ಮೊಣಕೈ ಚಿಲಕನದು. ಅವನ ಹತ್ತು ವರ್ಷದ ಮಗಳು ಅದನ್ನು ಜೋಪಾನವಾಗಿ ಕತ್ತರಿಸಿ ಗೋಡೆಗೆ ಅಂಟಿಸಿ, "ಅಪ್ಪ, ಇದು ನೀನೇ ಅಂತ ಎಲ್ಲರಿಗೂ ಹೇಳಿದ್ದೀನಿ" ಎಂದಳು. ಚಿಲಕ ನಗಲು ನೋಡಿದ. ಊಟಕ್ಕೆ ಕೂತಾಗಲೆಲ್ಲ ಆ ಫೋಟೋ ಎದುರಿಗೇ. ತಟ್ಟೆ ನೋಡಿದರೆ ಹಸಿವು, ತಲೆಯೆತ್ತಿದರೆ ಹೊಟ್ಟೆಯುರಿ.

"ರೀ, ಅವರ ಹೆಸರು ಎತ್ತಿದ್ರೆ ಸಾಕು, ನಿಮ್ಮ ಮುಖ ಹರಳೆಣ್ಣೆ ಕುಡಿದ ಹಾಗಾಗತ್ತೆ" ಎಂದಳು ಹೆಂಡತಿ.

"ನನಗೇನು ಅವನ ಮೇಲೆ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಅಂದವಳು ತನ್ನ ಮಾತಿಗೆ ತಾನೇ ನಕ್ಕಳು. ಅವನಿಗೆ ನಗು ಬರಲಿಲ್ಲ. ತನ್ನ ಮನೆಯ ಗಾದೆಯೊಳಗೂ ಅವನೇ ಬಂದು ಕೂತಿದ್ದಾನಲ್ಲ ಅನ್ನಿಸಿತು.

ಹೊಟ್ಟೆಕಿಚ್ಚಿನ ಸ್ವಭಾವವೇ ಹಾಗೆ. ಅದಕ್ಕೆ ದೊಡ್ಡದು ಚಿಕ್ಕದು ಅಂತಿಲ್ಲ. ಕನ್ನಡಿಯ ಹೊಸ ಬೂಟು ನೋಡಿದರೂ ಉರಿ, ಅವನ ಅತ್ತೆ ಅವನನ್ನು ಹೊಗಳಿದಳಂತೆ ಅಂದರೂ ಉರಿ, ಅವನಿಗೆ ನೆಗಡಿಯಾದಾಗ ಅಂಗಡಿಯವರೆಲ್ಲ "ಹುಷಾರಾಗಿದ್ದೀಯಾ" ಅಂತ ಕೇಳಿದರೆ ಅದಕ್ಕೂ ಉರಿ. ಒಳ್ಳೆಯವನಲ್ಲದಿದ್ದರೆ ದ್ವೇಷಿಸಿಯಾದರೂ ಹಗುರಾಗಬಹುದಿತ್ತು. ಆ ಪುಣ್ಯಾತ್ಮನೋ, ತನಗೆ ಬಂದ ತಿಂಡಿಯಲ್ಲಿ ಅರ್ಧ ಮುರಿದು ಇವನ ಕೈಗಿಡುತ್ತಿದ್ದ. ಚಿಲಕನ ಮಗಳಿಗೆ ಜ್ವರ ಬಂದಾಗ ಎರಡು ದಿನ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದ್ದ. ಇಂಥವನ ಮೇಲೆ ಕಿಚ್ಚು ಪಡುವುದು ಇನ್ನೂ ದೊಡ್ಡ ಶಿಕ್ಷೆ.

ಈ ವರ್ಷ ಅಂಗಡಿ ಸಾಲಿನ ತಂಡ ಕೊನೆಯ ಪಂದ್ಯಕ್ಕೆ ಬಂತು. ಎದುರಾಳಿ ಮರದ ಮಿಲ್ಲಿನವರು. ಅದಕ್ಕೆ ಮೂರು ದಿನ ಮುಂಚೆ ಮೇಷ್ಟ್ರು ಚಿಲಕನನ್ನು ಪಕ್ಕಕ್ಕೆ ಕರೆದರು. ಹೆಗಲ ಮೇಲೆ ಕೈಯಿಟ್ಟಾಗಲೇ ಅವನಿಗೆ ಗೊತ್ತಾಯಿತು.

"ನಿನ್ನ ಮಂಡಿ ನೋಡ್ತಿದ್ದೀನಿ. ಮೂವತ್ತೇಳು ಆಯ್ತಲ್ಲ. ಇದೊಂದು ಪಂದ್ಯ ಆಡಿಬಿಡು. ಮುಂದಿನ ವರ್ಷ ನನ್ನ ಪಕ್ಕದಲ್ಲಿ ಕೂತು ಪಾಠ ಹೇಳುವೆಯಂತೆ."

"ಕನ್ನಡಿ?"

"ಅವನಿಗೇನು, ಇನ್ನೂ ಎರಡು ವರ್ಷ ಓಡ್ತಾನೆ."

ಅದು ಸಾಲದು ಎಂಬಂತೆ, ಪಂದ್ಯದ ದಿನ ಬೆಳಗ್ಗೆ ಮಗಳು ಅವನ ಬೂಟಿನ ದಾರ ಕಟ್ಟುತ್ತಾ ಹೇಳಿದಳು: "ಅಪ್ಪ, ನನ್ನ ಗೆಳತಿಯರು ಬರ್ತಾರೆ. ನಿಮ್ಮಪ್ಪ ಯಾವತ್ತೂ ಗೋಲ್ ಹೊಡೆದೇ ಇಲ್ವಾ ಅಂತ ಕೇಳಿದ್ರು. ಇವತ್ತು ಒಂದೇ ಒಂದು ಹೊಡಿ. ಮಾಮನ ಹಾಗೆ."

ಮಾಮ ಅಂದರೆ ಕನ್ನಡಿಯೇ. ಚಿಲಕ "ಹೂಂ" ಅಂದ. ಇದೇ ಕೊನೆ. ಇವತ್ತು ಆಗದಿದ್ದರೆ ಜನ್ಮದಲ್ಲಿ ಆಗುವುದಿಲ್ಲ. ಗೋಡೆಯ ಮೇಲೆ ಆ ಮೊಣಕೈಯೇ ಖಾಯಂ.

ಪಂದ್ಯ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕನ್ನಡಿ "ಇದ್ದೀಯಾ?" ಎಂದು ಕೂಗಿ ಹೋದ, ಗೋಲು ಹೊಡೆದ. ಜನ ಹುಚ್ಚೆದ್ದು ಕುಣಿದರು. ಚಿಲಕನೂ ಕೈ ತಟ್ಟಿದ, ನಡುವಿನ ಗೆರೆಯ ಹತ್ತಿರ ನಿಂತು, ಒಬ್ಬನೇ. ಬೇಲಿಯ ಆಚೆ ಮಗಳು ಗೆಳತಿಯರ ಜೊತೆ ಹಾರುತ್ತಿದ್ದಳು. ಅವಳು ಹಾರಿದ್ದು ಕನ್ನಡಿಗಾಗಿ. ಸ್ವಂತ ಮಗಳು!

ಉಳಿದ ಹೊತ್ತೆಲ್ಲ ಮಿಲ್ಲಿನವರು ಅಲೆಯ ಮೇಲೆ ಅಲೆಯಾಗಿ ಬಂದರು. ಬಂದವರನ್ನೆಲ್ಲ ಚಿಲಕ ನಡುವೆಯೇ ತಡೆದ. ಅವನು ಅಷ್ಟು ಚೆನ್ನಾಗಿ ಹಿಂದೆಂದೂ ಆಡಿರಲಿಲ್ಲ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಇನ್ನು ಹತ್ತು ನಿಮಿಷ ಕಾದುಕೊಂಡರೆ ಗೆದ್ದವರ ಕಪ್ ಅಂಗಡಿ ಸಾಲಿಗೆ. ಆದರೆ ಅವನ ತಲೆಯಲ್ಲಿ ಕಪ್ ಇರಲಿಲ್ಲ, ಕಳೆದುಹೋಗುತ್ತಿದ್ದ ಹತ್ತು ನಿಮಿಷ ಇತ್ತು.

ಆಗ ಚೆಂಡು ಬಲಗಡೆ ಕನ್ನಡಿಗೆ ಸಿಕ್ಕಿತು. ಎಡಗಡೆ ಗೋಲಿನ ತನಕ ಹಾಸಿಟ್ಟ ಹಾಗೆ ಬಯಲು, ಒಬ್ಬ ಎದುರಾಳಿಯೂ ಇಲ್ಲ. ಚಿಲಕನಿಗೆ ಅದು ಕಂಡಿತು. ಕಂಡವನು ಕೂಗಬೇಕಿತ್ತು. ನಾಲಿಗೆ ಏಳುವ ಮೊದಲೇ ಅತ್ತಲಿಂದ ಕೂಗು ಬಂತು.

"ಇದ್ದೀಯಾ?"

"ಇದ್ದೀನಿ!" ಎಂದ ಚಿಲಕ. ಅನ್ನುವಾಗಲೇ ಅವನ ಕಾಲು ಎಡಗಡೆಯ ಬಯಲಿಗೆ ಓಡುತ್ತಿತ್ತು.

ಮಂಡಿ ನೋವು ಎಲ್ಲಿ ಹೋಯಿತೋ! ಹನ್ನೊಂದು ವರ್ಷ ಬೆನ್ನು ನೋಡಿದ್ದ ಮೈದಾನದ ಮುಖವನ್ನು ಅವನು ಮೊದಲ ಸಲ ನೋಡಿದ. ಗೋಲಿನ ಹತ್ತಿರದ ಹುಲ್ಲು ಇಷ್ಟು ಹಸಿರಾಗಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಗೋಲ್‌ಕೀಪರ್ ಅತ್ತ ಕಡೆ ತಿರುಗಿ ನಿಂತಿದ್ದ. ಚಿಲಕ ಎಂಟು ಹೆಜ್ಜೆ ದೂರದಲ್ಲಿ ಒಬ್ಬನೇ ನಿಂತು ಕೈಯೆತ್ತಿದ. ಇಲ್ಲಿಗೆ ಕೊಡೋ, ಇಲ್ಲಿಗೆ, ಒಂದೇ ಒಂದು ಸಲ.

ಕನ್ನಡಿಯ ಸುತ್ತ ಮೂವರು ಮುತ್ತಿದ್ದರು. ಅವನು ಈ ಕಡೆ ನೋಡಲೇ ಇಲ್ಲ. ಯಾಕೆ ನೋಡಬೇಕು? ಅಲ್ಲಿ ಯಾರೂ ಇರಬಾರದಿತ್ತಲ್ಲ. ಹನ್ನೊಂದು ವರ್ಷದ ಅಭ್ಯಾಸದಂತೆ ಹಿಂದಕ್ಕೆ ಕಣ್ಣು ಹಾಯಿಸದೆ ಹಿಮ್ಮಡಿಯಲ್ಲಿ ಚೆಂಡನ್ನು ನಡುವಿಗೆ ತಳ್ಳಿದ. ಚೆಂಡು ಉರುಳಿತು, ಉರುಳಿತು, ಸರಿಯಾಗಿ ಚಿಲಕನ ಕಾಲು ಇರಬೇಕಾದ ಜಾಗಕ್ಕೆ ಹೋಯಿತು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ಮಿಲ್ಲಿನ ಕಡೆಯವನೊಬ್ಬ ಅದನ್ನು ಕಾಲಿಗೆ ಸೆಳೆದುಕೊಂಡು ತೆರೆದ ಬಾಗಿಲಲ್ಲಿ ನಡೆದು ಬರುವವನ ಹಾಗೆ ನಡುವಿನಲ್ಲೇ ಓಡಿ ಗೋಲು ಹೊಡೆದ. ಚಿಲಕ ಆ ತುದಿಯಲ್ಲಿ, ಎತ್ತಿದ ಕೈ ಇಳಿಸಲೂ ಮರೆತು, ಎಲ್ಲವನ್ನೂ ನಿಚ್ಚಳವಾಗಿ ನೋಡಿದ. ಎದೆಗುಂದಿದ ತಂಡ ಇನ್ನೈದು ನಿಮಿಷಕ್ಕೆ ಮತ್ತೊಂದು ಗೋಲು ಬಿಟ್ಟುಕೊಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಪ್ ಮಿಲ್ಲಿನವರ ಲಾರಿ ಹತ್ತಿತು.

ಬೈಗುಳ ಶುರುವಾಯಿತು. ಎಲ್ಲವೂ ಕನ್ನಡಿಗೆ. "ಕಣ್ಣು ಮುಚ್ಕೊಂಡು ಯಾರಿಗೆ ಕೊಟ್ಯೋ ಪಾಸು, ಗಾಳಿಗಾ?" "ತಲೆ ಬಾಚೋದ್ರಲ್ಲಿ ಇರೋ ಗಮನ ಆಟದಲ್ಲಿಲ್ಲ." "ಚಿಲಕ ಒಬ್ಬನೇ ಪಾಪ ಎಷ್ಟು ಅಂತ ತಡೀತಾನೆ, ಇವನಿಗಾಗಿ ಮುಂದೆ ಬೇರೆ ಓಡಿದ, ಅದೂ ಕಾಣಿಸ್ಲಿಲ್ಲ." ಎಲ್ಲರೂ ಚಿಲಕನ ಬೆನ್ನು ತಟ್ಟಿದರು. ಇವನ ಜೀವಮಾನದಲ್ಲೇ ಕನ್ನಡಿಯ ಎದುರು ಇವನ ಬೆನ್ನು ತಟ್ಟಿದ್ದು ಅದೇ ಮೊದಲು.

ಆ "ಇದ್ದೀನಿ" ಕೇಳಿಸಿದ್ದು ಒಬ್ಬನಿಗೆ ಮಾತ್ರ. ಅವನು ನೀರಿನ ಬಾಟಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದ, ಕೂದಲೆಲ್ಲ ಕೆದರಿ. ಚಿಲಕನನ್ನು ಒಂದು ಸಲ ನೋಡಿದ. ಎಲ್ಲರಿಗೂ "ಹೌದಪ್ಪ, ನನ್ನದೇ ತಪ್ಪು" ಅಂದ.

ಸತ್ಯ ಹೇಳಬೇಕೆಂದರೆ, ಆ ಕ್ಷಣ ಚಿಲಕನಿಗೆ ಹಾಯಾಯಿತು. ಸುಳ್ಳು ಯಾಕೆ? ಹನ್ನೊಂದು ವರ್ಷದ ಉರಿಯ ಮೇಲೆ ಯಾರೋ ತಣ್ಣೀರು ಸುರಿದ ಹಾಗೆ ಹಾಯಾಯಿತು. ಅನುಭವಿಸಲಿ ಮಗ, ಅವನಿಗೂ ಗೊತ್ತಾಗಲಿ ಅನ್ನಿಸಿತು. ಮನೆಗೆ ಹೋಗುವ ದಾರಿಯ ಅರ್ಧದವರೆಗೂ ಆ ಹಾಯಿ ಇತ್ತು. ಆಗ ಮಗಳು ಅವನ ಕೈ ಹಿಡಿದು ಕೇಳಿದಳು: "ಮಾಮ ಯಾಕಪ್ಪ ಹಾಗೆ ಮಾಡಿದ್ರು? ಯಾರೂ ಇಲ್ಲದ ಕಡೆ ಯಾಕೆ ಕೊಟ್ರು?"

"ಗೊತ್ತಿಲ್ಲ ಪುಟ್ಟಿ" ಎಂದ ಚಿಲಕ.

ಅದು ಅವತ್ತಿನ ಎರಡನೇ ಸುಳ್ಳು. ಮನೆಗೆ ಹೋದವಳೇ ಮಗಳು ಗೋಡೆಯ ಮೇಲಿನ ಫೋಟೋವನ್ನು ಎಬ್ಬಿಸತೊಡಗಿದಳು. "ಮಾಮ ಬೇಡ. ಸೋಲಿಸಿಬಿಟ್ರು" ಅಂದಳು. ಅಂಟು ಗಟ್ಟಿಯಾಗಿತ್ತು, ಕಾಗದ ಚೂರುಚೂರಾಗಿ ಬಂತು. ಕೊನೆಗೆ ಗೋಡೆಯ ಮೇಲೆ ಉಳಿದದ್ದು ಅಂಚಿನ ಆ ಮೊಣಕೈ. ಚಿಲಕ ಅವತ್ತು ಊಟಕ್ಕೆ ಕೂತವನು ಎರಡು ತುತ್ತಿಗೆ ಎದ್ದ. ಒಳಗೆ ಒಲೆಯ ಹತ್ತಿರ ಅವನ ಅಮ್ಮ ಸೊಸೆಗೆ ಇನ್ಯಾವುದೋ ವಿಷಯಕ್ಕೆ "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅನ್ನುತ್ತಿದ್ದಳು. ಬೇಕಂತಲೇ ಹೇಳುತ್ತಿದ್ದಾಳೇನೋ ಎಂದು ಬೆಚ್ಚಿಬಿದ್ದ.

ಸೋಮವಾರ ಅಂಗಡಿಯಲ್ಲಿ ದೊಡ್ಡ ಗಾಜೊಂದು ಕಾಯುತ್ತಿತ್ತು. ಬೀದಿಯ ಕೊನೆಯಲ್ಲಿ, ಮಹಡಿಯ ಮೇಲಿನ ಹೊಲಿಗೆ ಶಾಲೆಯ ಕಿಟಕಿಗೆ ಹೋಗಬೇಕಾದದ್ದು. ಚಿಲಕ ಕೈಗವಸು ಹಾಕಿಕೊಂಡು ಎಂದಿನಂತೆ ಹಿಂದಿನ ತುದಿಗೆ ಹೋದ. ಅಲ್ಲಿ ಆಗಲೇ ಕನ್ನಡಿ ನಿಂತಿದ್ದ.

"ಇವತ್ತು ಮುಂದೆ ನೀನು ಹಿಡಿ."

"ಯಾಕೋ?"

"ಮುಂದೆ ಹೋಗ್ಬೇಕು ಅಂತ ಆಸೆ ಇತ್ತಲ್ಲ ನಿನಗೆ. ಹೋಗು." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. "ಹನ್ನೊಂದು ವರ್ಷ ಕಣೋ. ಒಂದೇ ಒಂದು ಸಲ 'ಇದ್ದೀಯಾ' ಅಂತ ನೀನು ಕೇಳಿದ್ದಿದ್ರೆ ನಾನು ನಿಲ್ತಿರ್ಲಿಲ್ವಾ?"

ಚಿಲಕ ಒಂದು ಸಲವೂ ಕೇಳಿರಲಿಲ್ಲ. ಕೊಡಲಿಲ್ಲ, ಕೊಡಲಿಲ್ಲ ಅಂತ ಉರಿದದ್ದೇ ಬಂತು. ಹೋಗಿ ಮುಂದಿನ ತುದಿ ಹಿಡಿದ.

ಬೀದಿ ಅವನಿಗೆ ದಾರಿ ಬಿಟ್ಟಿತು. ಚಪ್ಪಲಿ ಹೊಲಿಯುವವನು "ಓಹೋ, ಇವತ್ತು ಚಿಲಕ ಮುಂದೆ!" ಎಂದ. ಬಟ್ಟೆಯಂಗಡಿಯ ಅಕ್ಕ ನಕ್ಕಳು. ಬಯಸಿದ್ದೆಲ್ಲ ಸಿಕ್ಕಿತು, ಒಂದಕ್ಕೂ ರುಚಿಯಿರಲಿಲ್ಲ. ಚಹಾದಂಗಡಿಯ ಮುಂದೆ ಕೂತಿದ್ದವರು ಹಿಂದಿನ ತುದಿಯವನನ್ನು ಕಂಡು ನಕ್ಕರು. "ಏನಯ್ಯ ಕುರುಡು ಪಾಸು, ಗಾಜನ್ನಾದ್ರೂ ನೋಡ್ಕೊಂಡು ಹಿಡಿ!" ಚಿಲಕ ತಪ್ಪು ತನ್ನದೆಂದು ಹೇಳದೆ ಮುಂದೆ ನಡೆದ. ಅವನ ಕಿವಿ ಮಾತ್ರ ಕೆಂಪಗಾಯಿತು.

ಹೊಲಿಗೆ ಶಾಲೆಯ ಮೆಟ್ಟಿಲು ಬಂತು. ಇಕ್ಕಟ್ಟಿನ ಒಂಬತ್ತು ಮೆಟ್ಟಿಲು. ಹತ್ತುವಾಗ ಭಾರವೆಲ್ಲ ಹಿಂದಿನವನ ಮೇಲೆ. ಅವನು ಕೈ ಬಿಟ್ಟನೋ, ಗಾಜು ಇಳಿಜಾರಿನಲ್ಲಿ ಜಾರಿ ಮುಂದಿನವನ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಮುಂದಿನವನಿಗೆ ಕಾಣುವುದು ಎದುರಿನ ಗೋಡೆ ಮಾತ್ರ. ಇಷ್ಟು ವರ್ಷ ಆ ಮನುಷ್ಯ ಹೀಗೆ ಏನೂ ಕಾಣದೆ, ಬರೀ ತನ್ನ ಒಂದು ಮಾತಿನ ಮೇಲೆ ಕಾಲಿಟ್ಟು ನಡೆದಿದ್ದನಲ್ಲ ಎಂದು ಚಿಲಕನಿಗೆ ಆಗ ತಿಳಿಯಿತು.

"ಇದ್ದೀಯಾ?" ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

"ಇದ್ದೀನಿ."

ಅಷ್ಟು ಸಾಕಿತ್ತು. ಹನ್ನೊಂದು ವರ್ಷ ಕನ್ನಡಿಗೆ ಅಷ್ಟೇ ಸಾಕಾಗಿತ್ತು. ಚಿಲಕನ ಕಾಲು ಏಳಲಿಲ್ಲ. ಆ ಮಾತನ್ನು ಎಷ್ಟು ಸಲೀಸಾಗಿ ಆಡಬಹುದು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆವರು ಕಣ್ಣಿಗಿಳಿಯಿತು. ತಡೆಯಲಾರದೆ ಹಿಂತಿರುಗಿ ನೋಡಿದ. ಹೆಗಲು ತಿರುಗಿತು, ಗಾಜು ಓಲಾಡಿ ಗೋಡೆಗೆ ಟಣ್ಣೆಂದಿತು. ಕೆಳಗೆ ಎರಡೂ ಕೈ ಚಾಚಿ, ಕತ್ತಿನ ನರ ಉಬ್ಬಿಸಿಕೊಂಡು, ಕನ್ನಡಿ ಇಡೀ ಭಾರವನ್ನು ಹೊತ್ತು ನಿಂತಿದ್ದ.

"ತಿರುಗ್ಬೇಡ ಕಣೋ" ಎಂದ ಅವನು ಹಲ್ಲು ಕಚ್ಚಿ. "ಇದ್ದೀನಿ ಅಂದ್ನಲ್ಲ. ಅಂದ್ರೆ ಇರ್ತೀನಿ."

ಚಿಲಕ ಮುಖ ತಿರುಗಿಸಿ ಗೋಡೆ ನೋಡಿದ. ಮೊದಲ ಮೆಟ್ಟಿಲು ಹತ್ತಿದ.

"ಭಾನುವಾರ ನಾನು..." ಎಂದು ಶುರುಮಾಡಿದ.

"ಗೊತ್ತು. ಮೆಟ್ಟಿಲು ನೋಡ್ಕೊಂಡು ಹತ್ತು."

ಎರಡನೇ ಮೆಟ್ಟಿಲಿಗೆ ಅವನು ಮತ್ತೆ "ಇದ್ದೀಯಾ?" ಎಂದ. ಮೂರನೆಯದಕ್ಕೂ ಕೇಳಿದ. ಒಂಬತ್ತು ಮೆಟ್ಟಿಲು, ಒಂಬತ್ತು ಸಲ ಕೇಳಿದ. ಒಂಬತ್ತು ಸಲವೂ ಕೆಳಗಿನಿಂದ ಉತ್ತರ ಬಂತು.